ಚುಂಗಾಣಿ ಹೊಗೆಸೊಪ್ಪು: ಪ್ರಾದೇಶಿಕ ರುಚಿಭೇದ

ಚುಂಗಾಣಿ, ಚಿಲುಮೆ, ಹುಕ್ಕಾಗಳಲ್ಲಿಟ್ಟು ಸೇದುವ ಹೊಗೆಸೊಪ್ಪಿನ ರುಚಿ, ಪರಿಮಳ ಮತ್ತು ಖಾರ ಊರಿಂದೂರಿಗೆ ಬೇರೆಯಾಗುವುದನ್ನು ಪ್ರಾದೇಶಿಕ ರುಚಿಭೇದ ಎನ್ನುತ್ತಾರೆ. ಗಿಡದ ಜಾತಿ, ಬೆಳೆದ ಮಣ್ಣು ಮತ್ತು ಹವೆ, ಎಲೆಯನ್ನು ಒಣಗಿಸಿ ಹದಗೊಳಿಸುವ ಕ್ರಮ, ಕೊನೆಗೆ ಬೆರೆಸುವ ಬೆಲ್ಲ, ಸಾಂಬಾರ, ಹಣ್ಣುಗಳು ಈ ಭೇದಕ್ಕೆ ಕಾರಣ. ಹುಣಸೂರಿನ ವರ್ಜೀನಿಯಾ, ನಿಪ್ಪಾಣಿಯ ಜರ್ದಾ, ಬಂಗಾಳದ ಮೋತಿಹಾರಿ, ದಿಲ್ಲಿ-ಲಖನೌಗಳ ಖಮೀರಾ, ಸೈಪ್ರಸ್ಸಿನ ಲಟಾಕಿಯಾ, ಲೂಯಿಸಿಯಾನದ ಪೆರೀಕ್ ಇದಕ್ಕೆ ಹೆಸರಾದ ಉದಾಹರಣೆಗಳು. ಯುರೋಪಿನ ಚುಂಗಾಣಿಯಲ್ಲಿ ರುಚಿಯನ್ನು ಹೆಚ್ಚಾಗಿ ಎಲೆ ಮತ್ತು ಹದಗೊಳಿಕೆ ನಿರ್ಧರಿಸುತ್ತವೆ. ಭಾರತದ ಹುಕ್ಕಾದಲ್ಲಿ ಬೆರೆಕೆಯ ಪಾಲೇ ದೊಡ್ಡದು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಹೋಲಿಕೆ ದಾರಿ ತಪ್ಪುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ಹೊಗೆಸೊಪ್ಪು ಎಂದರೆ ನಿಕೋಟಿಯಾನ ಕುಲದ ಗಿಡಗಳ ಹದಗೊಂಡ ಎಲೆ. ತಂಬಾಕು ಎಂಬುದೂ ಅದೇ ಅರ್ಥದಲ್ಲಿ ಬಂದಿದೆ. ನೀರಿಲ್ಲದೆ ನೇರವಾಗಿ ಹೊಗೆ ಎಳೆಯುವ, ಬಟ್ಟಲು ಮತ್ತು ಕೊಳವೆಯುಳ್ಳ ಸಾಧನ ಚುಂಗಾಣಿ. ನೆಟ್ಟಗಿನ ಮಣ್ಣಿನ ಕೊಳವೆ ಚಿಲುಮೆ. ಹುಕ್ಕಾದ ತುದಿಯಲ್ಲಿ ಕೂರಿಸುವ ಬಟ್ಟಲಿಗೂ ಇದೇ ಹೆಸರಿದೆ. ಹೊಗೆ ನೀರನ್ನು ಹಾದುಬರುವ ಸಾಧನ ಹುಕ್ಕಾ ಅಥವಾ ಗುಡಿಗುಡಿ. ಹದಗೊಳಿಕೆ ಎಂದರೆ ಕಿತ್ತ ಹಸಿ ಎಲೆಯನ್ನು ಬಿಸಿ, ಗಾಳಿ, ಬಿಸಿಲು ಅಥವಾ ಹೊಗೆಯಿಂದ ಒಣಗಿಸಿ ಸೇದಲು ಯೋಗ್ಯವಾಗಿಸುವ ಕೆಲಸ. ಹುಣಸೂರು-ಪಿರಿಯಾಪಟ್ಟಣದ ರೈತರು ಇದನ್ನು ಸೊಪ್ಪು ಬೇಯಿಸುವುದು ಎನ್ನುತ್ತಾರೆ. ಖಾರ ಎಂದರೆ ನಿಕೋಟಿನ್ನಿನಿಂದ ಗಂಟಲಿಗೆ ತಾಗುವ ತೀಕ್ಷ್ಣತೆ. ಪರಿಮಳ ಅದರಿಂದ ಬೇರೆ: ಖಾರವಿರುವ ಎಲೆಯಲ್ಲಿ ಪರಿಮಳ ಇಲ್ಲದಿರಬಹುದು, ಪರಿಮಳದ ಎಲೆ ಸೌಮ್ಯವಾಗಿರಬಹುದು.

ಮೂಲ ಮತ್ತು ಇತಿಹಾಸ

ಹೊಗೆಸೊಪ್ಪಿನ ತವರು ದಕ್ಷಿಣ ಅಮೆರಿಕ. ಬೇಸಾಯದಲ್ಲಿರುವ ಎರಡು ಮುಖ್ಯ ಜಾತಿಗಳಾದ ನಿಕೋಟಿಯಾನ ಟಬಾಕಮ್ ಮತ್ತು ನಿಕೋಟಿಯಾನ ರಸ್ಟಿಕ ಆಂಡಿಸ್ ಪರ್ವತದ ಆಸುಪಾಸಿನಲ್ಲಿ ಹುಟ್ಟಿ ಸ್ಪೇನ್ ಮತ್ತು ಪೋರ್ಚುಗಲ್ಲಿನ ಹಡಗುಗಳಲ್ಲಿ ಹೊರಜಗತ್ತಿಗೆ ಹರಡಿದವು. ಭಾರತಕ್ಕೆ ಇವು ಪಶ್ಚಿಮ ಕರಾವಳಿಯ ಪೋರ್ಚುಗೀಸ್ ನೆಲೆಗಳ ಮೂಲಕ ಬಂದವೆಂಬುದು ಒಪ್ಪಿತ ಅಭಿಪ್ರಾಯ. ಗೋವೆಯಿಂದ ದಖ್ಖನ್ನಿಗೆ ದಾರಿ ಹತ್ತಿರ. ಹಾಗಾಗಿ ದಿಲ್ಲಿ-ಆಗ್ರಾಗಳಿಗಿಂತ ಮೊದಲೇ ವಿಜಾಪುರದಲ್ಲಿ ಸೇದುವ ರೂಢಿ ಬೇರೂರಿತ್ತು.

ಇದಕ್ಕೆ ಸ್ಪಷ್ಟ ಸಾಕ್ಷಿ ಅಸದ್ ಬೇಗ್ ಕಜ್ವೀನಿಯ ಬರಹ. ಅಕ್ಬರನ ಪ್ರತಿನಿಧಿಯಾಗಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ವಿಜಾಪುರಕ್ಕೆ ಹೋಗಿದ್ದ ಈತ 1604-05ರ ಸುಮಾರಿಗೆ ಮರಳುವಾಗ ಅಲ್ಲಿಂದ ಹೊಗೆಸೊಪ್ಪನ್ನೂ ಒಂದು ಚುಂಗಾಣಿಯನ್ನೂ ತಂದ. ಆ ಚುಂಗಾಣಿಯ ವರ್ಣನೆ ವಿವರವಾಗಿದೆ. ಮೂರು ಮೊಳ ಉದ್ದದ ಕೊಳವೆ ಸುಮಾತ್ರಾದ ಅಚೆ ಪ್ರಾಂತದ್ದು; ಅದರ ಎರಡೂ ತುದಿಗಳಲ್ಲಿ ರತ್ನ ಮತ್ತು ಮೀನಾಕಾರಿ ಕೆಲಸ; ಬಾಯಿಗಿಡುವ ಕಡೆ ಮೊಟ್ಟೆಯಾಕಾರದ ಯೆಮನ್ ಅಕೀಕ; ಹೊತ್ತಿಸಲು ಚಿನ್ನದ ಬಟ್ಟಲು; ಕೊಳವೆಯನ್ನಿಡಲು ನೇರಳೆ ಮಖಮಲ್ಲು ಹೊದಿಸಿದ ಬೆಳ್ಳಿಯ ಕೋಶ. ಆದಿಲ್ ಶಾಹ ಕೊಟ್ಟಿದ್ದ ಎಲೆಯಡಿಕೆ ಸಂಚಿಯಲ್ಲಿ ಹೊಗೆಸೊಪ್ಪು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಆತ ಅಕ್ಬರನ ಮುಂದಿಟ್ಟ. ಒಂದು ಎಲೆಗೆ ಕಿಡಿ ತಾಗಿದರೆ ಉಳಿದದ್ದೆಲ್ಲ ತಾನಾಗಿ ಉರಿಯುವಂಥ ಉತ್ತಮ ಸೊಪ್ಪು ಅದು ಎಂದು ಅಸದ್ ಬೇಗ್ ಹೇಳುತ್ತಾನೆ. ಎಲೆಯ ಗುಣವನ್ನು ಉರಿಯುವ ಬಗೆಯಿಂದ ಅಳೆದ ಈ ಮಾತು ಭಾರತದಲ್ಲಿ ಹೊಗೆಸೊಪ್ಪಿನ ಗುಣಪರೀಕ್ಷೆಯ ಮೊದಲ ದಾಖಲೆಗಳಲ್ಲೊಂದು. ಇಂದಿಗೂ ಉರಿಯುವ ಗುಣ ಎಲೆಯನ್ನು ಅಳೆಯುವ ಲಕ್ಷಣಗಳಲ್ಲೊಂದು.

ಅಕ್ಬರ್ ಎರಡು ಮೂರು ಬಾರಿ ಹೊಗೆ ಎಳೆದ. ಮುಂದುವರಿಸದಂತೆ ಆಸ್ಥಾನದ ವೈದ್ಯ ತಡೆದ. ಸರದಾರರಲ್ಲಿ ಮಾತ್ರ ರೂಢಿ ಬೇಗ ಹಬ್ಬಿತು, ವರ್ತಕರು ಮಾರಾಟಕ್ಕೆ ತಂದರು. 1617ರಲ್ಲಿ ಜಹಾಂಗೀರ್ ಹೊಗೆಸೊಪ್ಪನ್ನು ನಿಷೇಧಿಸಿದ. ನಿಷೇಧ ನಿಲ್ಲಲಿಲ್ಲ. ಹುಕ್ಕಾವನ್ನು ಅಕ್ಬರನ ಆಸ್ಥಾನದ ಹಕೀಮ್ ಅಬುಲ್ ಫತ್ ಗೀಲಾನಿ ಕಂಡುಹಿಡಿದನೆಂಬ ಪ್ರತೀತಿಯಿದೆ. ಆದರೆ ಆತ 1589ರಲ್ಲೇ ತೀರಿಕೊಂಡಿದ್ದ. ಅಸದ್ ಬೇಗ್ ಸೊಪ್ಪು ತಂದದ್ದು ಅದಕ್ಕೂ 15 ವರ್ಷಗಳ ಅನಂತರ. ಆದ್ದರಿಂದ ಈ ಪ್ರತೀತಿಯನ್ನು ಇತಿಹಾಸವೆಂದು ಒಪ್ಪುವುದು ಕಷ್ಟ.

ಸಾಧನಗಳ ತಯಾರಿಕೆಯಲ್ಲಿಯೂ ಕರ್ನಾಟಕದ ಪಾಲು ದೊಡ್ಡದು. ಸತು ಹೆಚ್ಚು, ತಾಮ್ರ ಅಲ್ಪ ಇರುವ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನ ಸಹಾಯದಿಂದ ಕಪ್ಪುಗೊಳಿಸುವ ಬಿದರಿ ಕೆಲಸದಲ್ಲಿ ಹುಕ್ಕಾದ ನೀರಿನ ತಳಗಳು 17 ಮತ್ತು 18ನೆಯ ಶತಮಾನಗಳ ಪ್ರಮುಖ ವಸ್ತುಗಳಾಗಿದ್ದವು. ಹಳೆಯವು ಗುಂಡಗೆ, ಅನಂತರದವು ಗಂಟೆಯಾಕಾರ. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಈಗ ಕಾಣುವ ಬಿದರಿ ವಸ್ತುಗಳಲ್ಲಿ ಹುಕ್ಕಾ ತಳಗಳು ಬಹಳ.

ರುಚಿ ಹುಟ್ಟುವ ಬಗೆ

ಮೊದಲನೆಯ ಕಾರಣ ಜಾತಿ. ಟಬಾಕಮ್ ಎತ್ತರದ ಗಿಡ, ಗುಲಾಬಿ ಬಣ್ಣದ ಉದ್ದ ಹೂ. ರಸ್ಟಿಕ ಗಿಡ್ಡ, ದಪ್ಪನೆಯ ಸುಕ್ಕುಗಟ್ಟಿದ ಎಲೆ, ಹಳದಿ ಬಣ್ಣದ ಮೋಟು ಹೂ. ರಸ್ಟಿಕದ ಎಲೆಯಲ್ಲಿ ನಿಕೋಟಿನ್ ಟಬಾಕಮ್ಮಿನದಕ್ಕಿಂತ ಹಲವು ಪಟ್ಟು ಹೆಚ್ಚಿರಬಲ್ಲದು. ಅದಕ್ಕೆ ಚಳಿಗಾಲ ಬೇಕು. ಆದ್ದರಿಂದ ಭಾರತದಲ್ಲಿ ಅದು ಪಂಜಾಬ್, ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಉತ್ತರ ಗುಜರಾತುಗಳಿಗೆ ಬಹುಮಟ್ಟಿಗೆ ಸೀಮಿತ. ಉತ್ತರದವರು ಇದನ್ನು ವಿಲಾಯತಿ ಅಥವಾ ಕಲ್ಕತ್ತಿಯಾ ಎನ್ನುತ್ತಾರೆ. ಟಬಾಕಮ್ ಅವರ ಬಾಯಲ್ಲಿ ದೇಸಿ. ಎರಡೂ ಹೊರಗಿನಿಂದ ಬಂದವೇ ಆದರೂ ಈ ಹೆಸರುಗಳು ನಿಂತಿವೆ. ದಕ್ಷಿಣದ ಹೊಗೆಸೊಪ್ಪು ಬಹುಮಟ್ಟಿಗೆ ಟಬಾಕಮ್. ಉತ್ತರದ ಹುಕ್ಕಾ ಮತ್ತು ದಕ್ಷಿಣದ ಚುಟ್ಟಾಗಳ ನಡುವಣ ಅಂತರದ ಬುಡ ಇಲ್ಲಿದೆ.

ಎರಡನೆಯದು ಮಣ್ಣು ಮತ್ತು ನೀರು. ಹಗುರವಾದ ಮರಳುಗೆಂಪು ಮಣ್ಣಿನಲ್ಲಿ ಸಾರಜನಕ ಬೇಗ ತೀರುತ್ತದೆ. ಎಲೆ ತೆಳುವಾಗಿ, ನಿಂಬೆ ಹಳದಿಗೆ ತಿರುಗಿ, ಸಕ್ಕರೆ ಹೆಚ್ಚಾಗಿ, ಖಾರ ಕಡಿಮೆಯಾಗುತ್ತದೆ. ಭಾರವಾದ ಕಪ್ಪುಮಣ್ಣಿನಲ್ಲಿ ಎಲೆ ದಪ್ಪಗೆ, ಬಣ್ಣ ಗಾಢ, ಖಾರ ಹೆಚ್ಚು. ಮಣ್ಣಿನಲ್ಲಿ ಅಥವಾ ಬಾವಿನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಎಲೆ ತೇವ ಹೀರಿಕೊಂಡು ಸರಿಯಾಗಿ ಉರಿಯದು. ಪೊಟ್ಯಾಸಿಯಮ್ ಹೆಚ್ಚಿದ್ದರೆ ಕಿಡಿ ಹಿಡಿದು ನಿಲ್ಲುತ್ತದೆ, ಬೂದಿ ಬೆಳ್ಳಗಾಗುತ್ತದೆ. ಒಂದೇ ಗಿಡದಲ್ಲಿಯೂ ಬುಡದ ಎಲೆ ತೆಳು ಮತ್ತು ಸಪ್ಪೆ, ನಡುವಿನದು ಸಮತೂಕದ್ದು, ತುದಿಯದು ಖಾರ.

ಮೂರನೆಯದಾದ ಹದಗೊಳಿಕೆ ಎಲ್ಲಕ್ಕಿಂತ ನಿರ್ಣಾಯಕ. ಮುಚ್ಚಿದ ಮನೆಯಲ್ಲಿ ಕೊಳವೆಯ ಬಿಸಿಯಿಂದ ಒಣಗಿಸಿದರೆ ಎಲೆಯ ಪಿಷ್ಟ ಸಕ್ಕರೆಯಾದ ಹಂತದಲ್ಲೇ ಜೀವಕ್ರಿಯೆ ನಿಲ್ಲುತ್ತದೆ. ಆಗ 10ರಿಂದ 25 ಪ್ರತಿಶತ ಸಕ್ಕರೆ ಉಳಿದು ಹೊಗೆ ಸಿಹಿಯಾಗಿ ಆಮ್ಲೀಯವಾಗಿರುತ್ತದೆ. ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗಿಸಿದರೆ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಹೊಗೆ ಕ್ಷಾರೀಯವಾಗಿ, ಒಣಬೀಜದ ಅಥವಾ ಕೋಕೋವಿನ ಛಾಯೆ ಬರುತ್ತದೆ. ಕ್ಷಾರೀಯ ಹೊಗೆಯಲ್ಲಿ ನಿಕೋಟಿನ್ ಗಂಟಲಿಗೆ ಬೇಗ ತಾಗುತ್ತದೆ. ಬಿಸಿಲಿನಲ್ಲಿ ಒಣಗಿಸಿದ್ದು ಇವೆರಡರ ನಡುವೆ ನಿಲ್ಲುತ್ತದೆ. ಕಟ್ಟಿಗೆಯ ಹೊಗೆಗೆ ಒಡ್ಡಿದರೆ ಆ ಮರದ ಘಾಟು ಎಲೆಗೆ ಹತ್ತುತ್ತದೆ. ಆಮೇಲೆ ಗೋದಾಮಿನಲ್ಲಿ ಎಲೆ ಮಾಗುವಾಗ ಅದರ ಹಳದಿ ವರ್ಣದ್ರವ್ಯಗಳಾದ ಕ್ಯಾರೊಟಿನಾಯ್ಡ್‌ಗಳು ಒಡೆದು ಹೂ ಮತ್ತು ಒಣಹಣ್ಣಿನ ಸುವಾಸನೆಯ ಸಂಯುಕ್ತಗಳಾಗುತ್ತವೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಹುರಿದ ವಾಸನೆ ಕೊಡುತ್ತವೆ. ಒಂದು ಊರಿನ ಸೊಪ್ಪಿನ ರುಚಿಯನ್ನು ಮಣ್ಣಿಗೆ ಮಾತ್ರ ಕಟ್ಟುವುದು ಅರ್ಧ ಸತ್ಯ. ಆ ಊರಿನ ಜನರ ಒಣಗಿಸುವ ರೂಢಿಯೂ ಅದರಲ್ಲಿ ಸೇರಿದೆ.

ಕರ್ನಾಟಕದ ಎಲೆ

ರಾಜ್ಯದಲ್ಲಿ ಎರಡು ತೀರ ಭಿನ್ನ ಹೊಗೆಸೊಪ್ಪುಗಳಿವೆ: ಮೈಸೂರು ಸೀಮೆಯ ವರ್ಜೀನಿಯಾ ಮತ್ತು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸೀಮೆಯ ಬೀಡಿ ತಂಬಾಕು.

ಭಾರತದಲ್ಲಿ ವರ್ಜೀನಿಯಾ ಬೇಸಾಯದ ಪ್ರಯೋಗ 1920ರಲ್ಲಿ ಗುಂಟೂರಿನಲ್ಲಿ ಆರಂಭವಾಯಿತು; ಮೈಸೂರು ಸಂಸ್ಥಾನದಲ್ಲಿ 1930ರ ದಶಕದಲ್ಲಿ ಬೇರು ಬಿಟ್ಟಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಅರಕಲಗೂಡಿನ ರಾಮನಾಥಪುರ ಇದರ ಮುಖ್ಯ ನೆಲೆಗಳು. 1947ರಲ್ಲಿ ರಾಜಮಂಡ್ರಿಯಲ್ಲಿ ಸ್ಥಾಪನೆಯಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಕೇಂದ್ರ ಹುಣಸೂರಿನಲ್ಲಿದೆ. ಕಾಂಚನ್ ಈ ಸೀಮೆಯಲ್ಲಿ ಬಹುಕಾಲ ಮೇಲುಗೈ ಸಾಧಿಸಿದ ತಳಿ.

ಇಲ್ಲಿನ ಬೆಳೆ ಮಳೆಯಾಶ್ರಿತ. ಆಂಧ್ರದಲ್ಲಿ ಚಳಿಗಾಲದ ಬೆಳೆಯಾದ ವರ್ಜೀನಿಯಾ ಇಲ್ಲಿ ಮುಂಗಾರಿನದು. ಮೇ ತಿಂಗಳ ಸುಮಾರಿಗೆ ಸಸಿ ನೆಟ್ಟರೆ ಜುಲೈಯಿಂದ ಎಲೆ ಮುರಿಯುತ್ತಾರೆ. ಬುಡದಿಂದ ಮೇಲಕ್ಕೆ, ಬಲಿತಂತೆ, ಒಂದು ಸಲಕ್ಕೆ ಎರಡು ಮೂರು ಎಲೆಗಳನ್ನಷ್ಟೇ ಮುರಿಯುವುದು ಕ್ರಮ. ಮುರಿದ ಎಲೆಯನ್ನು ಕೋಲುಗಳಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಕಿಟಕಿಯಿಲ್ಲದ ಮನೆಯೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಒಟ್ಟಿದರೆ ನೆಲದ ಮೇಲೆ ಹಾದುಹೋಗುವ ತಗಡಿನ ಕೊಳವೆಗಳು ಕಾಯುತ್ತವೆ. ಸೌದೆಯ ಹೊಗೆ ಎಲೆಯನ್ನು ಮುಟ್ಟುವುದಿಲ್ಲ, ಬಿಸಿ ಮಾತ್ರ ಮುಟ್ಟುತ್ತದೆ. ಮೊದಲು 35-40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೇವ ಉಳಿಸಿಕೊಂಡು ಎಲೆಯನ್ನು ಹಳದಿಗೆ ತಿರುಗಿಸಬೇಕು. ಅನಂತರ ಗಾಳಿಕಂಡಿ ತೆರೆದು ಬಿಸಿ ಏರಿಸಿ ಬಣ್ಣ ನಿಲ್ಲಿಸಬೇಕು. ಕೊನೆಗೆ 70 ಡಿಗ್ರಿಯವರೆಗೆ ಒಯ್ದು ನಡುನರ ಮುರಿದರೆ ಚಟ್ಟೆನ್ನುವಷ್ಟು ಒಣಗಿಸಬೇಕು. ಐದಾರು ದಿನ ರಾತ್ರಿಯೂ ಒಲೆಯ ಬಳಿ ಒಬ್ಬರು ಎಚ್ಚರವಿರಲೇಬೇಕು. ಹಳದಿಯಾಗುವ ಮೊದಲೇ ಬಿಸಿ ಏರಿದರೆ ಎಲೆ ಹಸಿರಾಗಿಯೇ ಉಳಿದು ಹೊಗೆ ಒಗರಾಗುತ್ತದೆ. ತೇವ ಬಿಡಿಸುವುದು ತಡವಾದರೆ ಕಂದು ಮಚ್ಚೆ ಬೀಳುತ್ತದೆ. ಎರಡಕ್ಕೂ ಹರಾಜಿನಲ್ಲಿ ದರ ಕುಸಿಯುತ್ತದೆ. ಹರಾಜು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಹಲವು ತಿಂಗಳು ನಡೆಯುತ್ತದೆ. ಎಲೆಯ ಸ್ಥಾನವನ್ನು ಬುಡ, ನಡು, ತುದಿ ಎಂದು ಬೇರ್ಪಡಿಸಿ ಬೇಲು ಕಟ್ಟುತ್ತಾರೆ.

ಮೈಸೂರು ಎಲೆಯ ನಿಕೋಟಿನ್ ಸಾಮಾನ್ಯವಾಗಿ 1ರಿಂದ 3 ಪ್ರತಿಶತದೊಳಗೆ. ಹೊಗೆ ಸೌಮ್ಯ, ತನ್ನದೇ ಗಟ್ಟಿ ಪರಿಮಳ ಕಡಿಮೆ. ವ್ಯಾಪಾರದ ಭಾಷೆಯಲ್ಲಿ ಇದು ತಟಸ್ಥ ಭರ್ತಿ ಎಲೆ. ಇದನ್ನು ಕೊರತೆಯೆಂದು ತಿಳಿಯುವುದು ಸರಿಯಲ್ಲ. ಬೇರೆ ಎಲೆಯ ರುಚಿಯನ್ನು ಕೆಡಿಸದೆ ಪ್ರಮಾಣ ತುಂಬಿಕೊಡುವ ಗುಣಕ್ಕಾಗಿಯೇ ವಿದೇಶಿ ಮಿಶ್ರಕರು ಇದನ್ನು ಕೊಳ್ಳುತ್ತಾರೆ. ಇದರ ಬಹುಪಾಲು ಸಿಗರೇಟಿಗೆ ಹೋಗುತ್ತದೆ.

ನಿಪ್ಪಾಣಿಯದು ಇದಕ್ಕೆ ತದ್ವಿರುದ್ಧ. ವೇದಗಂಗಾ, ದೂಧಗಂಗಾ ನದಿಗಳ ಬಯಲಿನಲ್ಲಿ ಮುಂಗಾರಿನ ಕೊನೆಗೆ ನೆಟ್ಟು, ಕುಡಿ ಮುರಿದು, ಕಂಕುಳ ಚಿಗುರು ತೆಗೆದು, ಎಲೆಯನ್ನು ಪೂರ್ತಿ ಬಲಿಯಲು ಬಿಡುತ್ತಾರೆ. ಮೇಲ್ಮೈಯಲ್ಲಿ ಕಂದು ಚುಕ್ಕೆ ಮೂಡಿದರೆ ಬಲಿತ ಗುರುತು. ಕತ್ತರಿಸಿದ ಸೊಪ್ಪನ್ನು ನೆಲದ ಮೇಲೆ ಹರವಿ ಬಿಸಿಲು ಮತ್ತು ಇಬ್ಬನಿಗೆ ಒಡ್ಡಿ ಹದಗೊಳಿಸಿ, ಆಮೇಲೆ ಪುಡಿಮಾಡಿ ನರ ಬೇರ್ಪಡಿಸುತ್ತಾರೆ. ಸಿಗುವ ಚೂರೇ ಜರ್ದಾ. ಇದರ ಹೊಗೆ ಒರಟು, ಖಾರ, ದಪ್ಪ. ಬೀಡಿಯ ಎಲೆಯೊಳಗೂ ಚಿಲುಮೆಯೊಳಗೂ ಬೆಲ್ಲ ಬೆರೆಸದೆ ಸೇದುತ್ತಾರೆ. ಗುಜರಾತಿನ ಚರೋತರ್ ಪ್ರದೇಶದ ಬೀಡಿ ತಂಬಾಕಿನೊಡನೆ ಇದನ್ನು ಬೆರೆಸುವುದು ಬೀಡಿ ಉದ್ಯಮದ ರೂಢಿ. ಈ ಬೆಳೆಗೆ ನ್ಯಾಯವಾದ ಬೆಲೆ ಕೇಳಿ ನಡೆದ ಚಳವಳಿಯ ವೇಳೆ 1981ರ ಏಪ್ರಿಲ್ 6ರಂದು ನಿಪ್ಪಾಣಿಯಲ್ಲಿ ಪೊಲೀಸರ ಗುಂಡಿಗೆ 12 ರೈತರು ಬಲಿಯಾದರು.

ಆಂಧ್ರ, ತಮಿಳುನಾಡು, ಬಂಗಾಳ

ಗೋದಾವರಿ ಜಿಲ್ಲೆಗಳ ಹಗುರ ಮಣ್ಣಿನಲ್ಲಿ ನೀರಾವರಿಯಿಂದ ಬೆಳೆಯುವ ವರ್ಜೀನಿಯಾದಲ್ಲಿ ಮೈಸೂರು ಎಲೆಗಿಂತ ಪರಿಮಳ ಹೆಚ್ಚು. ಪ್ರಕಾಶಂ-ಗುಂಟೂರುಗಳ ಕಪ್ಪುಮಣ್ಣಿನದು ದಪ್ಪ. ಗೋದಾವರಿಯ ನಡುಗಡ್ಡೆಗಳಲ್ಲಿ ಬೆಳೆಯುವ ಲಂಕ ಹೊಗೆಸೊಪ್ಪು ಚುಟ್ಟಾಗಳಿಗೆ ಹೆಸರಾದದ್ದು. 19ನೆಯ ಶತಮಾನದಲ್ಲಿ ಇದು ಇಂಗ್ಲೆಂಡಿಗೂ ಹೋಗಿ, ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಪತ್ತೇದಾರನ ಬಾಯಲ್ಲಿಯೂ ಬಂದಿದೆ. ತಮಿಳುನಾಡಿನ ದಿಂಡಿಗಲ್ ಸೀಮೆ ಚುಟ್ಟಾದ ಎಲೆಗೂ ವೇದಾರಣ್ಯ ಅಗಿಯುವ ಸೊಪ್ಪಿಗೂ ಪ್ರಸಿದ್ಧ.

ಪಶ್ಚಿಮ ಬಂಗಾಳದ ಕೂಚ್ ಬಿಹಾರ ಸೀಮೆಯಲ್ಲಿ ಎರಡೂ ಜಾತಿಗಳು ಪಕ್ಕಪಕ್ಕದ ಹೊಲಗಳಲ್ಲಿವೆ. ಟಬಾಕಮ್ಮಿಗೆ ಅಲ್ಲಿ ‘ಜಾತಿ’, ರಸ್ಟಿಕಕ್ಕೆ ‘ಮೋತಿಹಾರಿ’ ಎಂದು ಹೆಸರು. ಒಂದೇ ಮಣ್ಣು, ಒಂದೇ ಚಳಿ. ಆದರೂ ಹುಕ್ಕಾದಲ್ಲಿ ಇವುಗಳ ಖಾರ ಬೇರೆ ಬೇರೆ. ರುಚಿಭೇದದಲ್ಲಿ ಸಸ್ಯಜಾತಿಯ ಪಾಲೆಷ್ಟು, ನೆಲದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಲು ಇದು ಒಳ್ಳೆಯ ಸ್ಥಳ.

ದಿಲ್ಲಿ ಮತ್ತು ಉತ್ತರದ ಹುಕ್ಕಾ ತಂಬಾಕು

ಉತ್ತರ ಭಾರತದ ಹುಕ್ಕಾದಲ್ಲಿ ಬರಿಯ ಎಲೆ ಸೇದುವುದು ಅಪರೂಪ. ಒಣ ಎಲೆ ಮತ್ತು ಕಾಂಡವನ್ನು ಕುಟ್ಟಿ, ಬೆಲ್ಲ ಅಥವಾ ಕಾಕಂಬಿ ಸೇರಿಸಿ, ಕಪ್ಪಗೆ ಜಿಗುಟಾಗುವವರೆಗೆ ನಾದಿದ ಮುದ್ದೆಯೇ ಅಲ್ಲಿ ತಮಾಕು. ರಸ್ಟಿಕದ ಪಾಲು ಹೆಚ್ಚಿದ್ದರೆ ಕಡ್ವಾ, ಬೆಲ್ಲದ ಪಾಲು ಹೆಚ್ಚಿದ್ದರೆ ಮೀಠಾ, ಎರಡರ ನಡುವಿನದು ದೋರಸಾ. ಬೆಲ್ಲ ಕೇವಲ ಸಿಹಿಗಲ್ಲ. ರಸ್ಟಿಕದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಮೈಸೂರು ಬ್ಯಾರನ್ನಿನಲ್ಲಿ ಎಲೆಯೊಳಗೇ ಉಳಿಸಿಕೊಳ್ಳುವ ಸಿಹಿಯನ್ನು ಇಲ್ಲಿ ಹೊರಗಿನಿಂದ ತುಂಬುತ್ತಾರೆ. ಜಿಗುಟಿನ ತೇವವು ಎಲೆ ಭಗ್ಗನೆ ಹೊತ್ತಿಕೊಳ್ಳದಂತೆ ತಡೆದು ಒಂದೇ ಚಿಲುಮೆಯನ್ನು ಬಹಳ ಹೊತ್ತು ನಡೆಸುತ್ತದೆ.

ಖಮೀರಾ ಇದರ ಮೇಲಿನ ಹಂತ. ಮುದ್ದೆಗೆ ಅನಾನಸ್, ಹಲಸು, ಬೋರೆಹಣ್ಣಿನಂಥ ಹಣ್ಣುಗಳು, ಏಲಕ್ಕಿ, ಜಟಾಮಾಂಸಿ, ಗಂಧದ ಪುಡಿ ಬೆರೆಸಿ, ಗಡಿಗೆಯಲ್ಲಿ ಬಾಯಿಕಟ್ಟಿ ಹುಳಿಯಲು ಬಿಡುತ್ತಾರೆ. ಕೆಲವಕ್ಕೆ ಗುಲಾಬಿ ಅಥವಾ ಕೇದಗೆಯ ಅತ್ತರೂ ಸೇರುತ್ತದೆ. ದಿಲ್ಲಿ, ಲಖನೌ, ರಾಮಪುರಗಳ ಖಮೀರಾಗಳಿಗೆ ಹಿಂದಿನಿಂದಲೂ ಹೆಸರಿದೆ. ಇವುಗಳ ನಡುವಣ ಭೇದ ಬೆಳೆದ ಹೊಲದಿಂದ ಬಂದದ್ದಲ್ಲ, ಬೆರೆಸುವ ಮನೆತನಗಳ ಕೈಯಿಂದ ಬಂದದ್ದು. ಪ್ರಾದೇಶಿಕ ರುಚಿ ಎಂಬ ಮಾತಿಗೆ ಇಲ್ಲಿ ಕೃಷಿಯ ಅರ್ಥಕ್ಕಿಂತ ಕಸುಬಿನ ಅರ್ಥವೇ ಹೆಚ್ಚು ಹೊಂದುತ್ತದೆ.

ಸೇದುವ ಕ್ರಮವೂ ರುಚಿ ಬದಲಿಸುತ್ತದೆ. ತಂಬಾಕು ಮತ್ತು ಕೆಂಡದ ನಡುವೆ ತವಾ ಎಂಬ ಮಣ್ಣಿನ ಬಿಲ್ಲೆ ಇಟ್ಟರೆ ಮುದ್ದೆ ಉರಿಯದೆ ಬೇಯುತ್ತದೆ, ಹೊಗೆ ಮೃದು. ತವಾ ಇಲ್ಲದೆ ಕೆಂಡವನ್ನು ನೇರ ಹಾಕಿದರೆ ಹೊಗೆ ತೀಕ್ಷ್ಣ, ಬೇಗ ಮುಗಿಯುತ್ತದೆ. ಹರಿಯಾಣ ಮತ್ತು ದಿಲ್ಲಿಯ ಹಳ್ಳಿಗಳಲ್ಲಿ ಬೆರಣಿಯ ಕೆಂಡ ಬಳಸುವುದರಿಂದ ಅದರ ಘಾಟು ಕಡ್ವಾದ ಖಾರದೊಡನೆ ಬೆರೆಯುತ್ತದೆ. ಆ ಸೀಮೆಯಲ್ಲಿ ಚಾವಡಿಯ ಹುಕ್ಕಾ ಬಿರಾದರಿಯ, ಅಂದರೆ ಕುಲಬಾಂಧವ್ಯದ, ಕುರುಹು. ಒಬ್ಬನನ್ನು ಸಮುದಾಯದಿಂದ ಹೊರಗಿಡುವುದಕ್ಕೆ ಹುಕ್ಕಾ-ಪಾನಿ ಬಂದ್ ಎಂಬ ಮಾತೇ ಇದೆ.

ಹೌಜ್ ಖಾಸ್

ಹಳೆಯ ಹುಕ್ಕಾದ ಪಕ್ಕದಲ್ಲೇ ಹೊಸ ಬಗೆಯದು ಬಂದು ಸೇರಿದ ಜಾಗಗಳಲ್ಲೊಂದು ದಕ್ಷಿಣ ದಿಲ್ಲಿಯ ಹೌಜ್ ಖಾಸ್. ಇದು ಸೀರಿ ಪಟ್ಟಣದ ನೀರಿಗಾಗಿ ಅಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆಯ ಸುತ್ತ ಬೆಳೆದ ಪ್ರದೇಶ. 1352ರ ಸುಮಾರಿಗೆ ಫಿರೋಜ್ ಶಾಹ ತುಘಲಕ್ ಕೆರೆಯ ದಂಡೆಯಲ್ಲಿ ಮದರಸಾ ಕಟ್ಟಿಸಿದ. ಅವನ ಗೋರಿಯೂ ಅಲ್ಲಿದೆ. ಆಗ ಭಾರತದಲ್ಲಿ ಹೊಗೆಸೊಪ್ಪು ಇರಲಿಲ್ಲ. ಪಕ್ಕದ ಹಳ್ಳಿ ನಗರ ಬೆಳೆದಂತೆ ಅದರೊಳಗೆ ಸೇರಿತು. 1980ರ ದಶಕದಿಂದ ಅಲ್ಲಿ ವಸ್ತ್ರವಿನ್ಯಾಸದ ಮಳಿಗೆಗಳು, 2010ರ ದಶಕದಲ್ಲಿ ಕೆಫೆಗಳು ತುಂಬಿಕೊಂಡವು. ಅವುಗಳ ಜೊತೆ ಬಂದದ್ದು ಅರಬ್ ಬಗೆಯ ಹುಕ್ಕಾ ಆದ ಶೀಷಾ.

ಶೀಷಾದಲ್ಲಿ ಬಳಸುವ ಮುಅಸ್ಸಲ್ ಅರಬ್ ಮೂಲದ ಸಿದ್ಧ ಮಿಶ್ರಣ: ಹಗುರ ಎಲೆ, ಕಾಕಂಬಿ ಅಥವಾ ಸಕ್ಕರೆ ಪಾಕ, ಗ್ಲಿಸರಿನ್, ಹಣ್ಣಿನ ಸುವಾಸನೆ. ಜೋಡಿ ಸೇಬು, ಪುದೀನ, ದ್ರಾಕ್ಷಿ, ಪಾನ್ ಮುಂತಾದವು ಅದರ ಬಗೆಗಳು. ಜೋಡಿ ಸೇಬಿನಲ್ಲಿ ನಿಜವಾಗಿ ಮುಂದೆ ಬರುವುದು ಸೋಂಪಿನಂಥ ಅನೀಸ್ ವಾಸನೆ. ಎಲೆಯನ್ನು ಮೊದಲೇ ತೊಳೆದು ಖಾರ ತಗ್ಗಿಸಿರುವುದೂ ಉಂಟು. ಹಾಗಾಗಿ ಮುಅಸ್ಸಲ್‌ನಲ್ಲಿ ಎಲೆ ಬೆಳೆದ ಊರನ್ನು ನಾಲಿಗೆಯಿಂದ ಗುರುತಿಸುವುದು ಸಾಧ್ಯವಿಲ್ಲ. ಆ ದಶಕದಲ್ಲಿ ನಗರದೊಳಗಿನ ಹಳ್ಳಿಗಳಲ್ಲಿ ಹಿರಿಯರ ಕಡ್ವಾ ತಮಾಕು, ಅದೇ ಗಲ್ಲಿಯ ಮಹಡಿ ಕೆಫೆಯಲ್ಲಿ ಯುವಕರ ಹಣ್ಣಿನ ಶೀಷಾ ಕಾಣುತ್ತಿದ್ದವು. ನೀರಿನ ಸಾಧನ ಒಂದೇ ತತ್ತ್ವದ್ದಾದರೂ ತುಂಬುವ ವಸ್ತು ತೀರ ಬೇರೆ. ಮೊದಲನೆಯದು ಖಾರಕ್ಕಾಗಿ, ಎರಡನೆಯದು ಸುವಾಸನೆಗಾಗಿ.

ಹೊರದೇಶಗಳ ಚುಂಗಾಣಿ ಹೊಗೆಸೊಪ್ಪು

ಮರದ ಚುಂಗಾಣಿಯ ಮಿಶ್ರಣಗಳಲ್ಲಿ ತಳಹದಿ ವರ್ಜೀನಿಯಾ ಮತ್ತು ಬರ್ಲಿ. ಇದ್ದಿಲಿನ ಬಿಸಿಯಿಂದ ಹೊಳೆವ ಹಳದಿ ಎಲೆ ಪಡೆಯುವ ಕ್ರಮ 1839ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಹುಟ್ಟಿತು; ಅದನ್ನು ಕಂಡುಕೊಂಡವನು ಸ್ಟೀಫನ್ ಎಂಬ ಗುಲಾಮ. ಹುಣಸೂರಿನ ಪ್ರತಿ ಬ್ಯಾರನ್ನೂ ಅವನ ಕಾಣಿಕೆಗೆ ಋಣಿ, ಆದರೆ ಅವನ ಹೆಸರು ಇಲ್ಲಿ ಬಲ್ಲವರು ಕಡಿಮೆ. ಬಿಳಿ ಬರ್ಲಿ 1864ರಲ್ಲಿ ಒಹಾಯೊ ರಾಜ್ಯದಲ್ಲಿ ಕಾಣಿಸಿಕೊಂಡ ಹರಿತ್ತು ಕಡಿಮೆಯಾದ ರೂಪಾಂತರ. ಗಾಳಿಯಲ್ಲಿ ಒಣಗುವುದರಿಂದ ಸಕ್ಕರೆ ಉಳಿಯದು. ಹೊರಗಿನ ಪಾಕವನ್ನು ಚೆನ್ನಾಗಿ ಹೀರುತ್ತದೆ. ಆಂಧ್ರದ ಗುಂಟೂರು ಸೀಮೆಯಲ್ಲಿಯೂ ಬರ್ಲಿ ಬೆಳೆಯುತ್ತಾರೆ.

ಪೂರ್ವದೇಶದ ಎಲೆಗಳು ಟರ್ಕಿ, ಗ್ರೀಸ್ ಮತ್ತು ಬಾಲ್ಕನ್ ಪ್ರದೇಶದವು. ಒಣ ಬೆಟ್ಟದ ತೆಳು ಮಣ್ಣಿನಲ್ಲಿ ಒತ್ತೊತ್ತಾಗಿ ನೆಟ್ಟ ಗಿಡದ ಎಲೆ ಅಂಗೈಯಷ್ಟೂ ಇರುವುದಿಲ್ಲ. ಇಜ್ಮಿರ್, ಸಾಮ್ಸುನ್, ಬಾಸ್ಮಾ ಎಂದು ಊರು ಮತ್ತು ಬಗೆಯ ಹೆಸರಿನಿಂದಲೇ ಇವು ಮಾರಾಟವಾಗುತ್ತವೆ. ನೀರಿನ ಕೊರತೆಯಲ್ಲಿ ಎಲೆಯ ಮೇಲಿನ ಅಂಟುರೋಮಗಳು ಸುವಾಸನೆಯ ರಾಳವನ್ನು ಹೆಚ್ಚು ಸ್ರವಿಸುತ್ತವೆ; ನಿಕೋಟಿನ್ ಕಡಿಮೆ. ನಿಜವಾಗಿ ನೆಲದ ರುಚಿ ಎನ್ನಬಹುದಾದದ್ದು ಹೊಗೆಸೊಪ್ಪಿನಲ್ಲಿ ಇದ್ದರೆ ಅದು ಇಲ್ಲಿ.

ಲಟಾಕಿಯಾ ಕೂಡ ಇದೇ ಬಗೆಯ ಎಲೆ, ಆದರೆ ಹೊಗೆಯಲ್ಲಿ ತಿಂಗಳುಗಟ್ಟಲೆ ಒಣಗಿದ್ದು. ಸಿರಿಯಾದ ಬಂದರಿನ ಹೆಸರು ಹೊತ್ತ ಇದು ಈಗ ಹೆಚ್ಚಾಗಿ ಸೈಪ್ರಸ್ಸಿನ ಹೆಸರಿನಲ್ಲಿ ಸಿಗುತ್ತದೆ. ಪೈನ್, ಮರ್ಟಲ್, ಮಸ್ತಕಿಯಂಥ ಕಟ್ಟಿಗೆ ಮತ್ತು ಪೊದೆಗಳ ಹೊಗೆಯಿಂದ ಎಲೆ ಕಪ್ಪಾಗಿ ಧೂಪ ಮತ್ತು ತೊಗಲಿನ ವಾಸನೆ ಪಡೆಯುತ್ತದೆ. ಲೂಯಿಸಿಯಾನದ ಸೇಂಟ್ ಜೇಮ್ಸ್ ಪ್ರದೇಶದ ಪೆರೀಕ್ ಇನ್ನೊಂದು ತುದಿ. ಎಲೆಯನ್ನು ವಿಸ್ಕಿ ಪೀಪಾಯಿಗೆ ತುಂಬಿ, ತಿರುಪುಯಂತ್ರದಿಂದ ಅದುಮಿ, ತನ್ನ ರಸದಲ್ಲೇ ಸುಮಾರು ಒಂದು ವರ್ಷ ಹುಳಿಯಲು ಬಿಡುತ್ತಾರೆ. ನಡುವೆ ಕೆಲವು ಬಾರಿ ತೆಗೆದು ಗಾಳಿಗೊಡ್ಡುತ್ತಾರೆ. ಒಣದ್ರಾಕ್ಷಿ, ಕಾಳುಮೆಣಸಿನ ಛಾಯೆಯ ಈ ಎಲೆಯನ್ನು ಮಿಶ್ರಣಕ್ಕೆ ಚಿಟಿಕೆಯಷ್ಟೇ ಹಾಕುತ್ತಾರೆ. ಖಮೀರಾ ಮತ್ತು ಪೆರೀಕ್ ಎರಡೂ ಹುಳಿಸಿದವೇ. ಆದರೆ ಪೆರೀಕ್‌ನಲ್ಲಿ ಹಣ್ಣಿನ ವಾಸನೆ ಎಲೆಯಿಂದಲೇ ಹುಟ್ಟುತ್ತದೆ, ಖಮೀರಾದಲ್ಲಿ ಹಣ್ಣಿನಿಂದ ಬರುತ್ತದೆ. ಇದಲ್ಲದೆ ಆವಿಯಲ್ಲಿ ಬೇಯಿಸಿ ಒತ್ತಿ ಸಿಹಿಗೊಳಿಸಿದ ಕ್ಯಾವೆಂಡಿಷ್ ಇದೆ. ಅದು ತಳಿಯಲ್ಲ, ಸಂಸ್ಕರಣೆಯ ಹೆಸರು.

ಆರೋಗ್ಯ

ರುಚಿ ಯಾವುದಾದರೂ ಹಾನಿ ಒಂದೇ. ಹೊಗೆಸೊಪ್ಪಿನ ಹೊಗೆ ಶ್ವಾಸಕೋಶ, ಬಾಯಿ, ಗಂಟಲಿನ ಕ್ಯಾನ್ಸರ್, ಹೃದಯರೋಗ ಮತ್ತು ಶ್ವಾಸರೋಗಗಳಿಗೆ ಕಾರಣವೆಂಬುದು ದೃಢಪಟ್ಟ ಸಂಗತಿ. ನೀರು ಹೊಗೆಯನ್ನು ತಣ್ಣಗಾಗಿಸುತ್ತದೆಯೇ ಹೊರತು ಶುದ್ಧಗೊಳಿಸುವುದಿಲ್ಲ. ತಂಪಾದ, ಸುವಾಸನೆಯ ಹೊಗೆಯನ್ನು ಜನ ಆಳವಾಗಿ ಎಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಪ್ರಕಾರ ಒಂದು ಗಂಟೆಯ ಹುಕ್ಕಾದಲ್ಲಿ ದೇಹ ಸೇರುವ ಹೊಗೆಯ ಗಾತ್ರ ಒಂದು ಸಿಗರೇಟಿನದಕ್ಕಿಂತ 100ರಿಂದ 200 ಪಟ್ಟು. ಕೆಂಡದ ಇಂಗಾಲದ ಮೊನಾಕ್ಸೈಡ್ ಬೇರೆ ಅಪಾಯ; ತಂಬಾಕಿಲ್ಲದ ಗಿಡಮೂಲಿಕೆ ಹುಕ್ಕಾದಲ್ಲಿಯೂ ಅದು ತಪ್ಪುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ 28.6 ಪ್ರತಿಶತ ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೆಳೆಗಾರರಿಗೂ ಅಪಾಯವಿದೆ. ಇಬ್ಬನಿ ಅಥವಾ ಮಳೆಯಲ್ಲಿ ನೆನೆದ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಇಳಿದು ವಾಂತಿ, ತಲೆಸುತ್ತು ತರುತ್ತದೆ. ಮುಂಗಾರಿನಲ್ಲೇ ಎಲೆ ಮುರಿಯುವ ಮೈಸೂರು ಸೀಮೆಯಲ್ಲಿ ಇದಕ್ಕೆ ಹೆಚ್ಚು ಗಮನ ಸಲ್ಲಬೇಕು.

ಕಾನೂನು ಮತ್ತು ಇಂದಿನ ಸ್ಥಿತಿ

ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆ 2003ರದು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಪರಿಷ್ಕೃತ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಾದವು. 2017ರ ತಿದ್ದುಪಡಿ ಧೂಮಪಾನಕ್ಕೆ ಮೀಸಲಾದ ಜಾಗದಲ್ಲಿ ಬೇರಾವ ಸೇವೆಯನ್ನೂ ಒದಗಿಸದಂತೆ ಮಾಡಿತು. ಹುಕ್ಕಾ ಕೆಫೆಗಳ ಬುಡಕ್ಕೆ ಬಿದ್ದ ಪೆಟ್ಟು ಅದು. ಕೋವಿಡ್ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ದಿಲ್ಲಿ ಸರಕಾರ ತಂಬಾಕು ಇರಲಿ ಇಲ್ಲದಿರಲಿ ಸಾರ್ವಜನಿಕ ಸ್ಥಳಗಳ ಹುಕ್ಕಾವನ್ನೆಲ್ಲ ನಿಲ್ಲಿಸಿತು. 2021ರ ನವೆಂಬರಿನಲ್ಲಿ ದಿಲ್ಲಿ ಹೈಕೋರ್ಟ್ ಗಿಡಮೂಲಿಕೆ ಹುಕ್ಕಾಕ್ಕಷ್ಟೇ ಮಧ್ಯಂತರ ಅವಕಾಶ ಕೊಟ್ಟಿತು. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. 2025ರಲ್ಲಿ ಜಾರಿಗೆ ಬಂದ ರಾಜ್ಯ ತಿದ್ದುಪಡಿ ಹುಕ್ಕಾ ಬಾರ್ ನಡೆಸುವವರಿಗೆ ಸೆರೆವಾಸ ವಿಧಿಸುತ್ತದೆ, ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದೆ.

ಬೆಳೆಯ ಕಡೆ ನಿಯಂತ್ರಣ ತಂಬಾಕು ಮಂಡಳಿಯದು. 1975ರ ಕಾಯಿದೆಯಂತೆ 1976ರ ಜನವರಿ 1ರಂದು ಗುಂಟೂರಿನಲ್ಲಿ ಸ್ಥಾಪನೆಯಾದ ಮಂಡಳಿ ಬೆಳೆಗಾರರ ಮತ್ತು ಬ್ಯಾರನ್‌ಗಳ ನೋಂದಣಿ ಮಾಡಿ, ವರ್ಷದ ಬೆಳೆಯ ಗಾತ್ರ ನಿಗದಿಪಡಿಸುತ್ತದೆ. ಕರ್ನಾಟಕದಲ್ಲಿ ಅದರ ಹರಾಜು 1984ರಲ್ಲಿ ಆರಂಭವಾಯಿತು. ನಿಪ್ಪಾಣಿಯ ಬೀಡಿ ತಂಬಾಕು ಈ ಹರಾಜಿನ ವ್ಯಾಪ್ತಿಗೆ ಬರುವುದಿಲ್ಲ. ಬ್ಯಾರನ್‌ಗಳಿಗೆ ಬೇಕಾಗುವ ಸೌದೆ ಮೈಸೂರು ಸೀಮೆಯ ಮರಗಳ ಮೇಲೆ ಭಾರ ಹೇರಿದೆ. ಇಂಧನ ಉಳಿಸುವ ಒಲೆಗಳು, ಪರ್ಯಾಯ ಬೆಳೆಗಳು ಸಂಶೋಧನಾ ಕೇಂದ್ರಗಳ ಕಾರ್ಯಸೂಚಿಯಲ್ಲಿವೆ. ಚುಂಗಾಣಿ ಸೇದುವವರು ದೇಶದಲ್ಲಿ ವಿರಳವಾಗಿದ್ದಾರೆ. ಉತ್ತರದ ಖಮೀರಾ ತಯಾರಕರು ಕಡಿಮೆಯಾಗುತ್ತಿದ್ದಾರೆ, ಅವರ ಪಾಕಗಳು ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿದಿವೆ.